ಕಾವಲುಗಾರನಿಗೆ ಬಾಯಿರಬೇಕು

ನಮ್ಮ ಮನೆಯಲ್ಲಿ ಗುಟ್ಟು ಎಂಬ ಪದಾರ್ಥ ಉಳಿದಿಲ್ಲ. ಇದಕ್ಕೆ ನನ್ನ ಹೆಂಡತಿ ಕಾರಣಳಲ್ಲ. ಅವಳ ತಾಯಿ ಅಷ್ಟಿಷ್ಟು ಕಾರಣ. ಮುಖ್ಯ ಕಾರಣ ನನ್ನ ಲ್ಯಾಪ್‌ಟಾಪ್. ಹುಟ್ಟಿನಿಂದಲೂ ನನಗೆ ಕಣ್ಣು ಕಾಣಿಸುವುದಿಲ್ಲ. ಹಾಗಾಗಿ ಪರದೆಯ ಮೇಲೆ ಬಂದದ್ದನ್ನೆಲ್ಲ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಓದಿ ಹೇಳುತ್ತದೆ. ಹೇಳುವಾಗ ಅಕ್ಕಪಕ್ಕ ಯಾರಿದ್ದಾರೆ ಎಂದು ಅದು ನೋಡುವುದಿಲ್ಲ. ಪಾಸ್‌ವರ್ಡ್ ಒಂದನ್ನು ಮಾತ್ರ ಮರ್ಯಾದೆಯಿಂದ ‘ಸ್ಟಾರ್, ಸ್ಟಾರ್, ಸ್ಟಾರ್’ ಎನ್ನುತ್ತದೆ. ಉಳಿದಂತೆ ಪಿಂಚಣಿಯ ಮೊತ್ತ, ರಕ್ತಪರೀಕ್ಷೆಯಲ್ಲಿ ಬಂದ ಸಕ್ಕರೆಯ ಅಂಕಿ, ಊರಿನ ತಮ್ಮ ಕೈಗಡ ಕೇಳಿ ಬರೆದ ಪತ್ರ, ಆ ಸಕ್ಕರೆಯ ಅಂಕಿಯನ್ನೂ ಲೆಕ್ಕಿಸದೆ ನಾನು ಗುಟ್ಟಾಗಿ ತರಿಸಿಕೊಂಡ ಮೈಸೂರ್‌ಪಾಕಿನ ಬಿಲ್ಲು, ಎಲ್ಲವನ್ನೂ ನಡುಮನೆಯಲ್ಲಿ ಒಂದೇ ಸ್ವರದಲ್ಲಿ ಸಾರುತ್ತದೆ.

ಮೊದಮೊದಲು ನನಗೆ ಧೈರ್ಯವಿತ್ತು. ಸ್ಕ್ರೀನ್ ರೀಡರಿನ ಮಾತಿನ ವೇಗವನ್ನು ಬೇಕಾದಷ್ಟು ಏರಿಸಬಹುದು. ಬ್ಯಾಂಕಿಗೆ ಟೆಲಿಫೋನ್ ಆಪರೇಟರ್ ಆಗಿ ಸೇರಿ, ಒಂದೇ ಸಮನೆ ಮೊಳಗುವ ಲೈನುಗಳ ನಡುವೆ ಹದಗೊಂಡ ಕಿವಿ ನನ್ನದು ಎಂಬ ಜಂಬದಲ್ಲಿ, ನರಮನುಷ್ಯರಿಗೆ ಅರ್ಥವಾಗದ ವೇಗದಲ್ಲಿ ಇಟ್ಟುಕೊಂಡಿದ್ದೆ. ಮನೆಗೆ ಬಂದವರು ‘ಇದ್ಯಾವ ಭಾಷೆ ಸಾರ್?’ ಎಂದು ಕೇಳಿದರೆ ಉತ್ತರ ಕೊಡದೆ ಮುಗುಳ್ನಗುವುದು ನನಗೆ ಇಷ್ಟದ ಕೆಲಸವಾಗಿತ್ತು. ಆದರೆ ನಮ್ಮ ಅತ್ತೆ ಇದ್ದಾರಲ್ಲ! ಇಂಗ್ಲಿಷಿನ ಗಂಧವಿಲ್ಲದ ಅವರು, ಪಕ್ಕದ ಕುರ್ಚಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ತೆಗೆಯುತ್ತಲೇ ಆ ವೇಗಕ್ಕೆ ಕಿವಿ ಪಳಗಿಸಿಕೊಂಡರು. ಒಂದು ಮಧ್ಯಾಹ್ನ, ‘ಅಳಿಯಂದ್ರೇ, ಎಫ್‌ಡಿ ಅವಧಿ ಮುಗೀತಂತಲ್ಲ, ಮನೇಲಿ ಯಾರಿಗೂ ಹೇಳಲೇ ಇಲ್ಲ’ ಎಂದರು. ಅಂದಿನಿಂದ ನನ್ನ ಮುಗುಳ್ನಗೆ ಕಡಿಮೆಯಾಗಿದೆ.

ಇಂಥ ಮನೆಯಲ್ಲಿ ಕೂತು ಕಂಪ್ಯೂಟರಿಗೆ ಭದ್ರತೆ ಬೇಕು ಎಂದು ಹೊರಟವನು ನಾನು.

ಸ್ಕ್ರೀನ್ ರೀಡರಿನ ವಂಶವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿದ್ದಾಗ ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಜಾಸ್. ಅದರ ಮೂಲಪುರುಷ ಟೆಡ್ ಹೆಂಟರ್ ಅಮೆರಿಕದ ಮೋಟಾರ್‌ಸೈಕಲ್ ರೇಸ್ ಸವಾರ. ಅಷ್ಟೆಲ್ಲ ರೇಸು ಓಡಿಸಿದವನು 1978ರಲ್ಲಿ ಕಾರು ಅಪಘಾತದಲ್ಲಿ ಕಣ್ಣು ಕಳೆದುಕೊಂಡ. ಆಮೇಲೆ ಪ್ರೋಗ್ರಾಮಿಂಗ್ ಕಲಿತ. ಅವನ ಸಂಸ್ಥೆಯಿಂದ 1989ರಲ್ಲಿ ಡಾಸ್ ಕಾಲದ ಜಾಸ್ ಹೊರಬಂತು. ಒಳ್ಳೆಯ ತಂತ್ರಾಂಶ, ಒಳ್ಳೆಯ ಬೆಲೆ. ನಾನು ನಿವೃತ್ತನಾದಾಗ ಬ್ಯಾಂಕಿನವರು ಹಾರ ಹಾಕಿ, ಶಾಲು ಹೊದಿಸಿ, ಜಾಸನ್ನು ತಾವೇ ಇಟ್ಟುಕೊಂಡರು. ಆಗ ಕೈಹಿಡಿದದ್ದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ದೃಷ್ಟಿಯಿಲ್ಲದ ಯುವಕ 2006ರಲ್ಲಿ ಶುರುಮಾಡಿದ್ದು. ಅವನ ಹಾಗೆಯೇ ಕಣ್ಣು ಕಾಣದ ಗೆಳೆಯ ಜೇಮ್ಸ್ ಟೆ ಜೊತೆಗೂಡಿದ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ‘ಉಚಿತ’ ಎಂಬುದು ಕಿವಿಗೆ ಬಿದ್ದ ಮೇಲೆ ನಾನು ಬೇರೆ ಗುಣಾವಗುಣ ವಿಚಾರಿಸಲಿಲ್ಲ. ವಿಚಾರಿಸದಿದ್ದರೂ ಒಳ್ಳೆಯದೇ ಸಿಕ್ಕಿತು. ಜಿಪುಣರಿಗೂ ದೇವರಿದ್ದಾನೆ.

ಅದೇ ದೇವರು ಲ್ಯಾಪ್‌ಟಾಪಿನ ಜೊತೆ ಒಂದು ಭದ್ರತಾ ತಂತ್ರಾಂಶವನ್ನೂ ಬಿಟ್ಟಿಯಾಗಿ ಕಳಿಸಿದ್ದ. ವರ್ಷ ತುಂಬುತ್ತಲೇ ಬಿಟ್ಟಿ ಮುಗಿಯಿತು. ಆಮೇಲೆ ಶುರುವಾಯಿತು: ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ನವೀಕರಿಸಿ.’ ಪತ್ರಿಕೆಯ ಸಂಪಾದಕೀಯ ಕೇಳುತ್ತಿದ್ದರೆ ನಡುವೆ ಅಪಾಯ. ಗೆಳೆಯನಿಗೆ ಪತ್ರ ಟೈಪು ಮಾಡುತ್ತಿದ್ದರೆ ‘ಕ್ಷೇಮ’ ಎಂಬ ಮಾತಿನ ಬೆನ್ನಿಗೇ ಅಪಾಯ. ಕಣ್ಣಿರುವವರಿಗೆ ಇಂಥ ಸೂಚನೆ ಪರದೆಯ ಬಲಮೂಲೆಯಲ್ಲಿ ಬಂದು ಹೋಗುವ ಚೀಟಿ; ಬೇಡವಾದರೆ ನೋಡದೆ ಇರಬಹುದು. ನನಗೆ ಮೂಲೆ ಇಲ್ಲ. ಬಂದದ್ದೆಲ್ಲ ಕಿವಿಯ ನಟ್ಟನಡುವೆಯೇ ಬಂದು ಕೂರುತ್ತದೆ.

ಮನೆಯಲ್ಲಿ ಸಭೆ ಸೇರಿತು. ‘ದುಡ್ಡು ಕಟ್ಟಿ ಅದರ ಬಾಯಿ ಮುಚ್ಚಿಸಿ ಅಂದ್ರೆ’ ಎಂದಳು ಹೆಂಡತಿ. ‘ಅಪ್ಪ, ಅದನ್ನ ಕಿತ್ತುಹಾಕು, ಬೇಕಾಗಿಲ್ಲ’ ಎಂದಳು ಬೆಂಗಳೂರಿನಿಂದ ಮಗಳು. ‘ದೃಷ್ಟಿ ತೆಗೆದರೆ ಹೋಗಲ್ವಾ?’ ಎಂದರು ಅತ್ತೆ. ಎಲ್ಲಕ್ಕಿಂತ ಭಯಂಕರವಾದ ಸಲಹೆ ಹೆಂಡತಿಯ ತಮ್ಮನದು: ‘ಭಾವ, ನೀವೇನೂ ಮಾಡಬೇಡಿ, ನಾನೇ ಬರ್ತೀನಿ.’ ಈ ಭಾವಮೈದುನ ತನ್ನ ಕಂಪ್ಯೂಟರಿಗೆ ಒಂದರ ಮೇಲೊಂದು ಆಂಟಿವೈರಸ್ ಹಾಕಿಸಿಕೊಂಡಿರುವ ಆಸಾಮಿ. ಒಂದು ಮಲಗಿದರೆ ಇನ್ನೊಂದು ಎದ್ದಿರುತ್ತದೆ ಎಂಬುದು ಅವನ ಸಿದ್ಧಾಂತ.

ಅವನು ಬರುವುದರೊಳಗೆ ನಾನೇ ಮುಗಿಸಿಬಿಡಬೇಕೆಂದು ಆ ತಂತ್ರಾಂಶವನ್ನು ತೆರೆದು ಟ್ಯಾಬ್ ಕೀ ಒತ್ತಿದೆ. ‘ಬಟನ್’ ಎಂದಿತು ಎನ್‌ವಿಡಿಎ. ಮತ್ತೆ ಒತ್ತಿದೆ. ‘ಬಟನ್.’ ಇನ್ನೊಮ್ಮೆ. ‘ಗ್ರಾಫಿಕ್.’ ಮತ್ತೊಮ್ಮೆ. ‘ಬಟನ್.’ ಯಾತರ ಬಟನ್ ಎಂದು ಅದಕ್ಕೂ ಗೊತ್ತಿಲ್ಲ. ವಿಷಯ ಇಷ್ಟೇ: ಪ್ರತಿ ಬಟನ್ನಿಗೂ ತೆರೆಯ ಹಿಂದೆ ಒಂದು ಹೆಸರು ಬರೆದಿಡುವುದು ತಂತ್ರಾಂಶ ಮಾಡುವವರ ಕೆಲಸ. ವಿಂಡೋಸಿನಲ್ಲಿ ಅದಕ್ಕೆ 1997ರಿಂದಲೂ ವ್ಯವಸ್ಥೆ ಇದೆ. ಸ್ಕ್ರೀನ್ ರೀಡರ್ ಓದುವುದು ಆ ಹೆಸರನ್ನು. ಭದ್ರತಾ ತಂತ್ರಾಂಶದವರಿಗೋ ತಮ್ಮ ಸರಕು ಸಪ್ಪೆಯಾಗಿ ಕಾಣಬಾರದು. ವಿಂಡೋಸ್ ಕೊಡುವ ಮಾಮೂಲಿ ಬಟನ್ ಬಿಟ್ಟು ತಾವೇ ಚಿತ್ರ ಬಿಡಿಸಿ ಅಂಟಿಸುತ್ತಾರೆ. ಗುರಾಣಿ, ಕೋಟೆ, ತಿರುಗುವ ಚಕ್ರ, ಎಲ್ಲವೂ ಇರುತ್ತವೆ. ಹೆಸರು ಬರೆಯುವುದು ಮರೆತಿರುತ್ತದೆ. ‘ಎಲ್ಲ ಸುರಕ್ಷಿತ’ ಎಂಬುದಕ್ಕೆ ಹಸಿರು, ‘ಮುಳುಗಿದಿರಿ’ ಎಂಬುದಕ್ಕೆ ಕೆಂಪು. ಬಣ್ಣದ ಪಕ್ಕದಲ್ಲಿ ಸ್ಕ್ರೀನ್ ರೀಡರ್ ಓದಬಲ್ಲ ಒಂದಕ್ಷರವೂ ಇಲ್ಲ.

ಹೆಂಡತಿಯನ್ನು ಕರೆದೆ. ‘ಏನಿದೆ ನೋಡೇ.’

‘ಹಸಿರಿದೆ ರೀ.’

‘ಏನು ಹಸಿರು?’

‘ಒಂದು ಹಸಿರು. ಚೆನ್ನಾಗಿದೆ. ಪಕ್ಕದಲ್ಲಿ ಏನೇನೋ ಬರೆದಿದೆ.’

‘ಏನೇನೋ ಅಂದ್ರೆ?’

‘ನಿಮಗೆ ಬೇಡದ್ದು.’

ಇದು ನಮ್ಮ ಮನೆಯ ಎರಡನೇ ಸ್ಕ್ರೀನ್ ರೀಡರ್. ಎನ್‌ವಿಡಿಎ ಇದ್ದದ್ದನ್ನೆಲ್ಲ ಓದುತ್ತದೆ. ಇವಳು ಓದಲು ಯೋಗ್ಯವಾದದ್ದನ್ನು ಮಾತ್ರ ಓದುತ್ತಾಳೆ. ಎನ್‌ವಿಡಿಎಯನ್ನು ಕಂಟ್ರೋಲ್ ಕೀ ಒತ್ತಿ ತಟ್ಟನೆ ನಿಲ್ಲಿಸಬಹುದು. ಇವಳಿಗೆ ಆ ಸೌಲಭ್ಯವಿಲ್ಲ ಎಂದು ಒಮ್ಮೆ ತಮಾಷೆ ಮಾಡಿದೆ. ‘ನಿಮಗೆ ವಾಲ್ಯೂಮ್ ಕೀನೂ ಇಲ್ಲವಲ್ಲ, ನಾನೇನಾದರೂ ಅಂದೆನಾ?’ ಎಂದಳು. ಮಾತು ಅಲ್ಲಿಗೇ ನಿಂತಿತು.

ಸಹಾಯವಾಣಿಗೆ ಫೋನು ಮಾಡಿದರೆ ಆ ಕಡೆಯ ಹುಡುಗ ಬಹಳ ವಿನಯದಿಂದ, ‘ಸಾರ್, ಮೇಲ್ಗಡೆ ಬಲಕ್ಕೆ ಕಿತ್ತಳೆ ಬಣ್ಣದ ಐಕಾನ್ ಕಾಣಿಸ್ತಿದೆಯಾ?’ ಎಂದ. ಕಾಣಿಸುವುದಿಲ್ಲ, ನನಗೆ ಯಾವುದೂ ಕಾಣಿಸುವುದಿಲ್ಲ ಎಂದೆ. ‘ಹಾಗಾದರೆ ಪರದೆ ಆಫ್ ಆಗಿರಬೇಕು ಸಾರ್, ಆನ್ ಮಾಡಿ’ ಎಂದ. ನಿಜಕ್ಕೂ ಆಫ್ ಆಗಿತ್ತು. ಎನ್‌ವಿಡಿಎಯಲ್ಲಿ ಸ್ಕ್ರೀನ್ ಕರ್ಟನ್ ಎಂಬ ಒಂದು ಸೌಕರ್ಯವಿದೆ. ಪರದೆಯನ್ನು ಪೂರ್ತಿ ಕಪ್ಪಾಗಿಸುತ್ತದೆ, ಹಿಂದಿನಿಂದ ಯಾರೂ ಇಣುಕುವಂತಿಲ್ಲ. ಮೈಸೂರ್‌ಪಾಕಿನ ಬಿಲ್ಲಿನ ಪ್ರಕರಣದ ನಂತರ ನಾನು ಅದನ್ನು ಸಾಮಾನ್ಯವಾಗಿ ಹಾಕಿಟ್ಟಿರುತ್ತೇನೆ. ಪರದೆಯನ್ನು ಮುಚ್ಚಿ ಮಾತನ್ನು ತೆರೆದಿಟ್ಟರೆ ಯಾರಿಂದ ಏನನ್ನು ಮುಚ್ಚಿಟ್ಟ ಹಾಗಾಯಿತು ಎಂಬ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ.

ಕರ್ಟನ್ ತೆಗೆದೆ. ‘ಮನೇಲಿ ಕಣ್ಣು ಕಾಣೋರು ಯಾರಾದರೂ ಇದ್ದರೆ ಕೊಡಿ ಸಾರ್’ ಎಂದ ಹುಡುಗ. ಹೆಂಡತಿ ತರಕಾರಿಗೆ ಹೋಗಿದ್ದಳು. ಇದ್ದವರು ಅತ್ತೆ, ಪೊರೆ ತೆಗೆಸಿಕೊಂಡ ಒಂದು ಕಣ್ಣಿನ ಸಮೇತ. ಆ ಹೊತ್ತಿಗೆ ಮನೆಯ ಅತ್ಯುತ್ತಮ ಕಣ್ಣು ಅದೇ. ಇಂಗ್ಲಿಷ್ ಅಕ್ಷರ ಬಾರದಿದ್ದರೂ ಅವರು ಹಿಂಜರಿಯಲಿಲ್ಲ. ‘ನೋಡಪ್ಪ, ಒಂದು ಬಳೆ ಇದೆ, ಬಳೆ ಪಕ್ಕದಲ್ಲಿ ಬಾಯಿ ತೆರೆದ ಕತ್ತರಿ ಇದೆ’ ಎಂದರು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಓಕೆ, ಅದನ್ನೇ ಒತ್ತಿ ಅಮ್ಮಾ’ ಎಂದ. ಜಾಣ ಹುಡುಗ. ಅತ್ತೆ ಒತ್ತಿದರು. ಯಾವುದಕ್ಕೆ ಒಪ್ಪಿಗೆ ಕೊಟ್ಟೆವೋ ನನಗೆ ಇವತ್ತಿಗೂ ತಿಳಿಯದು.

ಆದರೆ ಬಟನ್ನಿಗೆ ಹೆಸರಿಲ್ಲದಿರುವುದು ಸಣ್ಣ ಕಷ್ಟ. ದೊಡ್ಡದು ಬೇರೆಯೇ ಇದೆ. ಸ್ಕ್ರೀನ್ ರೀಡರ್ ಮಾಡುವ ಕೆಲಸವನ್ನು ಒಮ್ಮೆ ನಿರ್ವಂಚನೆಯಿಂದ ಪಟ್ಟಿಮಾಡಿ ನೋಡಿ. ನಾನು ಒತ್ತುವ ಪ್ರತಿಯೊಂದು ಕೀಲಿಯನ್ನೂ ಅದು ಬೇರೆ ತಂತ್ರಾಂಶಗಳಿಗಿಂತ ಮೊದಲು ತಾನು ಹಿಡಿಯುತ್ತದೆ. ತೆರೆದ ಪ್ರತಿಯೊಂದು ತಂತ್ರಾಂಶದ ಹೊಟ್ಟೆಯೊಳಕ್ಕೆ ತನ್ನದೊಂದು ತುಣುಕನ್ನು ತೂರಿಸುತ್ತದೆ. ಪರದೆಯ ಮೇಲಿನ ಪತ್ರ, ಲೆಕ್ಕ, ಖಾತೆ ಎಲ್ಲವನ್ನೂ ಓದುತ್ತದೆ. ಈಗ ಪಾಸ್‌ವರ್ಡ್ ಕದಿಯುವ ಕೀಲಾಗರ್ ಎಂಬ ಕಳ್ಳ ತಂತ್ರಾಂಶ ಏನು ಮಾಡುತ್ತದೆ ಕೇಳಿ: ಕೀಲಿ ಹಿಡಿಯುತ್ತದೆ, ಬೇರೆ ತಂತ್ರಾಂಶದೊಳಕ್ಕೆ ತೂರುತ್ತದೆ, ಓದುತ್ತದೆ. ಇಬ್ಬರ ನಡುವಿನ ವ್ಯತ್ಯಾಸ ಒಂದೇ. ಕದ್ದದ್ದನ್ನು ಕಳ್ಳ ದೂರದ ಯಾರಿಗೋ ಕಳಿಸುತ್ತಾನೆ. ಎನ್‌ವಿಡಿಎ ನನಗೆ ಹೇಳುತ್ತದೆ, ಜೊತೆಗೆ ಅತ್ತೆಗೆ.

ಆದ್ದರಿಂದ ಭದ್ರತಾ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಮೇಲೆ ಹುಟ್ಟುಗುಮಾನಿ. ಹೊಸದಾಗಿ ಸೇರಿದ ಗೂರ್ಖಾ, ಮನೆಯ ಯಜಮಾನ ಕೋಲೂರಿಕೊಂಡು ಗೇಟು ತಡಕುವುದನ್ನು ಕಂಡು ಅವನನ್ನೇ ಹಿಡಿದು ಕಟ್ಟಿಹಾಕಿದ ಹಾಗೆ. ಅಷ್ಟು ದೂರ ಹೋಗದಿದ್ದರೂ, ವೈರಸ್ಸುಗಳು ಬಂದು ತನ್ನನ್ನೇ ಕೆಡವದಂತೆ ಅದು ತನ್ನ ಸುತ್ತ ಒಂದು ಬೇಲಿ ಹಾಕಿಕೊಂಡಿರುತ್ತದೆ. ಆ ಬೇಲಿಯೊಳಕ್ಕೆ ಎನ್‌ವಿಡಿಎಗೂ ಪ್ರವೇಶವಿಲ್ಲದಿದ್ದರೆ ಅದರ ಕಿಟಕಿ ನನ್ನ ಪಾಲಿಗೆ ಮೂಕ. ಇಡೀ ಕಂಪ್ಯೂಟರ್ ಮಾತಾಡುತ್ತದೆ, ಕಾವಲುಗಾರನೊಬ್ಬ ಮಾತ್ರ ಬಾಯಿ ಬಿಡುವುದಿಲ್ಲ. ಅವನು ಮಾಡಬೇಕಾದ ಕೆಲಸ ಒಂದೇ, ಏನಾಯಿತು ಎಂದು ನನಗೆ ಹೇಳುವುದು. ಅದೇ ಇಲ್ಲವೆಂದಮೇಲೆ ಅವನು ಒಳಗೆ ಕಾಯುತ್ತಿದ್ದಾನೋ, ಕದಿಯುತ್ತಿದ್ದಾನೋ, ಕೂತಲ್ಲೇ ತೂಕಡಿಸುತ್ತಿದ್ದಾನೋ ನನಗೆ ತಿಳಿಯುವ ಬಗೆ ಹೇಗೆ?

ಇದಕ್ಕೆ ಹೋಲಿಸಿದರೆ ಹಳೆಯ ಕಾಲದ ವೈರಸ್ಸುಗಳೇ ಎಷ್ಟೋ ಸಭ್ಯ. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಿಬ್ಬರು ‘ಬ್ರೈನ್’ ಎಂಬ ವೈರಸ್ ಬರೆದರು. ಪೀಸಿಗಳ ಮೊದಲ ವೈರಸ್ಸುಗಳಲ್ಲಿ ಅದೂ ಒಂದು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಸಾದಾ ಅಕ್ಷರದಲ್ಲಿ ಬರೆದಿಟ್ಟಿದ್ದರು. ಸಾದಾ ಅಕ್ಷರ! ಸ್ಕ್ರೀನ್ ರೀಡರ್ ಕೊಟ್ಟಿದ್ದರೆ ಅದನ್ನು ತಪ್ಪಿಲ್ಲದೆ ಓದುತ್ತಿತ್ತು. ವೈರಸ್ಸನ್ನು ಓದಬಹುದು, ಆಂಟಿವೈರಸ್ಸನ್ನು ಓದಲಾಗದು ಎಂಬ ಸ್ಥಿತಿಗೆ ಮನುಕುಲ ಬಂದು ನಿಂತದ್ದು ಹೀಗೆ.

ಹಾಗೆಂದು ಭಾವಮೈದುನ ಸುಮ್ಮನೆ ಬಿಡುವವನೇ? ದೇವರಾಜ ಅರಸು ರಸ್ತೆಯ ಅಂಗಡಿಯೊಂದಕ್ಕೆ ಎಳೆದುಕೊಂಡು ಹೋದ. ಅಂಗಡಿಯವರು ನನ್ನ ಕೈಗೆ ಡಬ್ಬಗಳನ್ನು ಕೊಟ್ಟರು. ಎಲ್ಲವೂ ನುಣುಪು, ಎಲ್ಲವೂ ಹಗುರ. ‘ತ್ರೀ ಯೂಸರ್, ತ್ರೀ ಇಯರ್ ಸಾರ್, ಟೋಟಲ್ ಪ್ರೊಟೆಕ್ಷನ್.’ ಇದು ಎನ್‌ವಿಡಿಎ ಜೊತೆ ಹೊಂದಿಕೊಳ್ಳುತ್ತದೆಯೇ ಎಂದೆ. ‘ಎಲ್ಲಾ ವೈರಸ್ಸನ್ನೂ ಹಿಡಿಯುತ್ತೆ ಸಾರ್, ನೀವು ಹೇಳಿದ್ದನ್ನೂ ಹಿಡಿಯುತ್ತೆ’ ಎಂದರು. ಅದೇ ನನ್ನ ಭಯ ಎಂದು ಹೇಳಿ ಡಬ್ಬ ವಾಪಸು ಕೊಟ್ಟೆ.

ದುಡ್ಡು ಬಿಚ್ಚುವ ಮೊದಲು ಪರೀಕ್ಷೆ ಮಾಡುವುದು ಬ್ಯಾಂಕಿನವರ ರಕ್ತದಲ್ಲೇ ಇದೆ. ಪ್ರಸಿದ್ಧ ಕಂಪನಿಗಳು ಒಂದು ತಿಂಗಳಿಗೋ ಎರಡು ವಾರಕ್ಕೋ ಪುಕ್ಕಟೆ ನೋಡಲು ಬಿಡುತ್ತವೆ. ಬಿಟ್ಟಿ ಮುಗಿದ ಹಳೆಯದನ್ನು ಕಿತ್ತುಹಾಕಿ, ಒಂದಾದ ಮೇಲೊಂದು ಇಳಿಸಿಕೊಂಡೆ. ಸಾಲಕ್ಕೆ ಅರ್ಜಿ ಹಾಕಿದವರನ್ನು ಕೂಡ ನಾನು ಇಷ್ಟು ಕಟ್ಟುನಿಟ್ಟಾಗಿ ವಿಚಾರಿಸಿರಲಿಲ್ಲ. ಮೊದಲ ಪ್ರಶ್ನೆ: ಸ್ಥಾಪಿಸುವಾಗಲೇ ಮಾತಾಡುತ್ತದೆಯೇ, ಟ್ಯಾಬ್ ಒತ್ತಿದರೆ ಕ್ರಮವಾಗಿ ಮುಂದೆ ಸಾಗುತ್ತದೆಯೇ, ಅಥವಾ ಮೌಸ್ ಇಲ್ಲದೆ ಗತಿಯಿಲ್ಲವೇ? ಎರಡನೆಯದು: ಏನಾದರೂ ಸಿಕ್ಕಾಗ ಯಾವ ಫೈಲು, ಯಾವ ಜಾಗ, ಅದನ್ನು ಏನು ಮಾಡಿದೆ ಎಂದು ಓದಲು ಬರುವ ಪಟ್ಟಿ ಕೊಡುತ್ತದೆಯೇ? ಮೂರನೆಯದು: ಎನ್‌ವಿಡಿಎಯ ಫೋಲ್ಡರನ್ನು ಮುಟ್ಟಬೇಡ ಎಂದು ವಿನಾಯಿತಿ ಬರೆಸಲು ದಾರಿ ಇದೆಯೇ, ಆ ದಾರಿಯಾದರೂ ಮಾತಾಡುತ್ತದೆಯೇ? ಕೊನೆಯದು, ಎಲ್ಲರೂ ಮರೆಯುವಂಥದು: ಬೇಡವೆನಿಸಿದಾಗ ಹೊರಗೆ ಹಾಕಲು ಆಗುತ್ತದೆಯೇ? ಬರುವಾಗ ಸೊಗಸಾಗಿ ಮಾತಾಡಿ, ಹೋಗು ಎಂದಾಗ ಮೂಕರಾಗುವ ನೆಂಟರು ನಮಗೆ ಸಾಕಷ್ಟಿದ್ದಾರೆ.

ಎರಡನೇ ಪ್ರಶ್ನೆಗೆ ಉತ್ತರ ಬೇಕಾದರೆ ವೈರಸ್ ಬೇಕು. ಇದಕ್ಕೆಂದೇ ಐಕಾರ್ ಎಂಬ ಪರೀಕ್ಷಾ ಫೈಲ್ ಇದೆ. ಕೇವಲ 68 ಅಕ್ಷರಗಳ ಒಂದು ಸಾಲು. ಯಾರಿಗೂ ಕೇಡು ಮಾಡುವುದಿಲ್ಲ. ಆದರೆ ಕಂಡೊಡನೆ ವೈರಸ್ ಎಂದೇ ಕೂಗಬೇಕೆಂದು ಆಂಟಿವೈರಸ್ ಕಂಪನಿಗಳು ಒಪ್ಪಿಕೊಂಡಿವೆ. ಅದನ್ನು ಉಳಿಸಿದ್ದೇ ತಡ, ‘ವೈರಸ್ ಪತ್ತೆಯಾಗಿದೆ’ ಎಂದು ಎನ್‌ವಿಡಿಎ ನಡುಮನೆಗೆಲ್ಲ ಕೇಳುವ ಹಾಗೆ ಸಾರಿತು. ನಾನು ಸಂತೋಷದಿಂದ ಚಪ್ಪಾಳೆ ತಟ್ಟಿದೆ. ಅಡುಗೆಮನೆಯಿಂದ ಧಡಧಡ ಸದ್ದು ಕೇಳಿತು. ಕೊರೋನಾ ಕಾಲವನ್ನು ಕಂಡಿದ್ದ ಅತ್ತೆ, ಆ ಒಂದು ಪದ ಕಿವಿಗೆ ಬೀಳುತ್ತಲೇ ಶುಂಠಿ, ಮೆಣಸು ಕುಟ್ಟಿ ಕಷಾಯಕ್ಕಿಟ್ಟರು. ಇದು ಪರೀಕ್ಷೆ, ನಿಜವಾದ ವೈರಸ್ ಅಲ್ಲ ಎಂದು ವಿವರಿಸಿದೆ. ‘ಆಗಲೂ ಮೊದಲು ಪರೀಕ್ಷೆ ಅಂತಲೇ ಹೇಳ್ತಿದ್ದರು’ ಎಂದು ಲೋಟ ಕೈಗಿತ್ತರು. ಪ್ರತಿ ತಂತ್ರಾಂಶಕ್ಕೂ ಒಂದು ಪರೀಕ್ಷೆ, ಪ್ರತಿ ಪರೀಕ್ಷೆಗೂ ಒಂದು ಲೋಟ. ಕೂಗದೆ ಬಿಟ್ಟ ತಂತ್ರಾಂಶಗಳ ಬಗ್ಗೆ ನನ್ನ ಹೊಟ್ಟೆಗೆ ಮಾತ್ರ ಅಭಿಮಾನವಿತ್ತು.

ಕೊನೆಗೆ ಪರೀಕ್ಷೆಯಲ್ಲಿ ನಿಂತದ್ದು ಯಾವುದು ಎಂದರೆ, ವಿಂಡೋಸ್ 8 ಬಂದ 2012ರಿಂದಲೂ ಆಂಟಿವೈರಸ್ ಆಗಿ ವಿಂಡೋಸಿನೊಳಗೇ ಇರುವ ಡಿಫೆಂಡರ್. ಹೊರಗಿನ ಆಂಟಿವೈರಸ್ ಬಂದು ಕೂತರೆ ಅದು ತಾನಾಗಿ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಅವರು ಹೋದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನನ್ನ ಬಿಟ್ಟಿ ತಂತ್ರಾಂಶವನ್ನು ಕಿತ್ತುಹಾಕಿದ ಕ್ಷಣದಲ್ಲೇ ಬಂದಿತ್ತು. ನಾನು ಅದನ್ನು ಮಾತಾಡಿಸಿರಲಿಲ್ಲ, ಅಷ್ಟೆ. ಅದರ ಕಿಟಕಿ ಸಪ್ಪೆ. ಕೋಟೆಯಿಲ್ಲ, ತಿರುಗುವ ಚಕ್ರವಿಲ್ಲ. ಆ ಸಪ್ಪೆತನವೇ ನನಗೆ ಸವಿ: ಟ್ಯಾಬ್ ಒತ್ತಿದರೆ ಬಟನ್ನುಗಳು ತಮ್ಮ ಹೆಸರು ಹೇಳುತ್ತವೆ, ಇಂದು ಏನೂ ಸಿಗಲಿಲ್ಲ ಎಂಬುದನ್ನೂ ಹೇಳುತ್ತವೆ, ಸಿಕ್ಕಿದ್ದರೆ ಇತಿಹಾಸದ ಪಟ್ಟಿ ತೆರೆದು ತೋರುತ್ತವೆ. ಮಗಳು ಮೊದಲ ದಿನವೇ ಇದನ್ನು ಹೇಳಿದ್ದಳು ಎಂಬುದು ಬೇರೆ ಮಾತು. ಮಕ್ಕಳು ಹೇಳಿದ್ದನ್ನು ಸುತ್ತಿ ಬಳಸಿ ತಾವೇ ಕಂಡುಹಿಡಿದಂತೆ ಮಾಡುವುದು ತಂದೆಯಾದವರ ಹಕ್ಕು.

ಅದರಲ್ಲಿ ಆಫ್‌ಲೈನ್ ಸ್ಕ್ಯಾನ್ ಎಂಬುದೊಂದಿದೆ. ಅಡಗಿ ಕೂತ ಹಟಮಾರಿ ವೈರಸ್ಸುಗಳನ್ನು ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವ ತಪಾಸಣೆ. ಸುಮಾರು 15 ನಿಮಿಷ ಹಿಡಿಯುತ್ತದೆ. ವಿಂಡೋಸ್ ಎದ್ದಿಲ್ಲವೆಂದಮೇಲೆ ಎನ್‌ವಿಡಿಎಯೂ ಎದ್ದಿರುವುದಿಲ್ಲ. ಒಂದು ಸಂಜೆ ಅದನ್ನು ಹಚ್ಚಿದೆ. ಕಂಪ್ಯೂಟರ್ ಮೌನವಾಯಿತು. ವರ್ಷಗಳಿಂದ ಎಡೆಬಿಡದೆ ಮೊಳಗುತ್ತಿದ್ದ ಮನೆ ಒಮ್ಮೆಲೇ ನಿಶ್ಶಬ್ದ. ಹೆಂಡತಿ ಬಂದು ಎದುರು ಕುರ್ಚಿ ಎಳೆದುಕೊಂಡು ಕೂತಳು.

‘ಈಗ ಪುರುಸೊತ್ತಿದೆಯಾ?’

ಇದೆ ಎಂದೆ. ಸ್ನಾನದಮನೆಯ ನಲ್ಲಿ ಯುಗಾದಿಯಿಂದ ಸೋರುತ್ತಿದೆ. ಗ್ಯಾಸ್ ಬುಕ್ ಮಾಡಿಲ್ಲ. ನನ್ನ ಷಷ್ಟ್ಯಬ್ದಿಯಲ್ಲಿ ಅವಳಿಗೆ ತೆಗೆಸಿಕೊಡುತ್ತೇನೆಂದ ಸೀರೆ ಇನ್ನೂ ಅಂಗಡಿಯಲ್ಲೇ ಇದೆ. ಅವಳು ನಾಲ್ಕು ಸಲ ಹೇಳಿದ್ದಳಂತೆ. ನಾಲ್ಕು ಸಲವೂ ನಾನು ‘ಹ್ಞೂಂ’ ಎಂದಿದ್ದೆನಂತೆ. ಕಂಪ್ಯೂಟರಿನ ಒಂದೊಂದು ಉಸುರೂ ಬಿಡದೆ ಕೇಳುವ ಕಿವಿಗೆ ಇದೊಂದು ಹೇಗೆ ತಪ್ಪಿತು ಎಂದು ಅವಳು ಕೇಳಿದಳು. ತಪಾಸಣೆ ಎಂದರೆ ಏನೆಂಬುದು ಅಂದು ನನಗೆ ಗೊತ್ತಾಯಿತು. ಕಂಪ್ಯೂಟರಿನಲ್ಲಿ ಏನೂ ಸಿಗಲಿಲ್ಲ. ನನ್ನಲ್ಲಿ ಬಹಳ ಸಿಕ್ಕಿತು.

ಅಷ್ಟಾದರೂ ನಿಜವಾದ ಅಪಾಯ ಬರುವುದು ವೈರಸ್ಸಿನಿಂದಲ್ಲ, ವೈರಸ್ ಬಂದಿದೆ ಎಂದು ಹೇಳುವವರಿಂದ. ಏನೋ ಒಂದು ಪುಟ ತೆರೆದರೆ ದೊಡ್ಡ ಸದ್ದಿನೊಂದಿಗೆ ‘ನಿಮ್ಮ ಕಂಪ್ಯೂಟರಿಗೆ ಬೀಗ ಬಿದ್ದಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಬರುತ್ತದೆ. ಕಣ್ಣಿರುವವರು ಅದರ ಅಡ್ಡಾದಿಡ್ಡಿ ಅಕ್ಷರ, ಬಣ್ಣಗೆಟ್ಟ ಲಾಂಛನ ನೋಡಿ ಗುರುತು ಹಿಡಿಯಬಹುದು. ನನಗೆ ಸಾಚಾ ಎಚ್ಚರಿಕೆಯೂ ಖೋಟಾ ಎಚ್ಚರಿಕೆಯೂ ಒಂದೇ ಬಾಯಿಂದ, ಒಂದೇ ಸ್ವರದಲ್ಲಿ ಬರುತ್ತವೆ. ನನ್ನ ಉಪಾಯ ಬೇರೆ. ಎನ್‌ವಿಡಿಎ ಕೀ ಜೊತೆ ‘ಟಿ’ ಒತ್ತುತ್ತೇನೆ. ಕಿಟಕಿಯ ತಲೆಬರಹ ಓದುತ್ತದೆ. ಅದರ ಕೊನೆಯಲ್ಲಿ ಬ್ರೌಸರಿನ ಹೆಸರು ಬಂದರೆ ಅದು ಬರಿಯ ವೆಬ್‌ಪುಟ, ಕಾವಲುಗಾರನಲ್ಲ. ಆಲ್ಟ್ ಎಫ್‌4 ಒತ್ತಿ ಮುಚ್ಚುತ್ತೇನೆ. ಎಷ್ಟೋ ಸಲ ಅಷ್ಟೂ ಬೇಕಾಗುವುದಿಲ್ಲ. ಖೋಟಾ ಎಚ್ಚರಿಕೆಯನ್ನು ಪೂರ್ತಿ ಚಿತ್ರದಲ್ಲೇ ಬಿಡಿಸಿರುತ್ತಾರೆ. ಎನ್‌ವಿಡಿಎ ‘ಗ್ರಾಫಿಕ್’ ಎಂದು ಹೇಳಿ ಸುಮ್ಮನಾಗುತ್ತದೆ. ಬೆದರಿಸಲು ಬಂದವನಿಗೆ ಬೆದರಿಕೆ ತಲುಪಿಸಲೂ ಆಗಿರುವುದಿಲ್ಲ. ಕಳ್ಳರು ಕೂಡ ನಮ್ಮನ್ನು ಗಿರಾಕಿಗಳೆಂದು ಎಣಿಸಿಲ್ಲ ಎಂದು ಒಂದೊಂದು ಸಲ ಬೇಸರವಾಗುತ್ತದೆ.

ಫೋನಿನ ಕಳ್ಳರು ಮಾತ್ರ ಭೇದ ಮಾಡದವರು. ಶುದ್ಧ ಧ್ವನಿ, ಚಿತ್ರದ ಗೊಡವೆಯೇ ಇಲ್ಲ. ಒಬ್ಬ ನಮ್ಮನೆಗೆ ಕರೆಮಾಡಿ, ನಾನು ‘ಡಿಜಿಟಲ್ ಅರೆಸ್ಟ್’ ಆಗಿದ್ದೇನೆ, ಕ್ಯಾಮೆರಾ ಮುಂದಿನಿಂದ ಕದಲುವಂತಿಲ್ಲ ಎಂದ. ಫೋನು ಎತ್ತಿದ್ದವರು ಅತ್ತೆ. ‘ಅವರು ಹೇಗೂ ಕದಲಲ್ಲಪ್ಪ, ಬೆಳಗ್ಗೆಯಿಂದ ಅದರ ಮುಂದೇನೇ ಕೂತವರೆ’ ಎಂದರು. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ. ಅತ್ತೆಯವರಿಗೆ ಹೇಳುವ ಅಗತ್ಯ ಬೀಳಲಿಲ್ಲ.

ಇನ್ನು ಕಾನೂನು. ಮಾಹಿತಿ ಎಲ್ಲರಿಗೂ ಎಟುಕುವಂತಿರಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪಿತ್ತಿತು. ಆ ಪ್ರಕರಣ ಹುಟ್ಟಿದ್ದು ಕೆವೈಸಿಗಾಗಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂಬಂಥ ಅಪ್ಪಣೆಗಳಿಂದ. ನಾನೂ ಅಂಥ ಅಪ್ಪಣೆ ಪಾಲಿಸಿದವನೇ. ಅತ್ತೆ ‘ಎಡಕ್ಕೆ, ಇನ್ನೂ ಎಡಕ್ಕೆ, ಅಯ್ಯೋ ಸೀಲಿಂಗ್ ಫ್ಯಾನು ಬಂತು’ ಎಂದು ದಾರಿ ತೋರುತ್ತಿದ್ದರು. ನಾನು ಮಿಟುಕಿಸಿದ್ದೇ ಮಿಟುಕಿಸಿದ್ದು. ಆ ಫೋಟೋದಲ್ಲಿ ಬ್ಯಾಂಕಿನವರಿಗೆ ಸಿಕ್ಕವನು ನಾನೋ ಫ್ಯಾನೋ ದೇವರೇ ಬಲ್ಲ.

ಇಷ್ಟೆಲ್ಲದರಿಂದ ನಾನು ಅಳವಡಿಸಿಕೊಂಡ ಭದ್ರತೆ ಕೇಳಿದರೆ ನಗುತ್ತೀರಿ. ಡಿಫೆಂಡರ್ ಇದೆ. ವಿಂಡೋಸ್ ಅಪ್‌ಡೇಟನ್ನು ನಾಳೆ ಎನ್ನದೆ ಹಾಕಿಕೊಳ್ಳುತ್ತೇನೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆಕೋರ ತಂತ್ರಾಂಶ ಜಗತ್ತಿನ ಆಸ್ಪತ್ರೆ, ಕಚೇರಿಗಳನ್ನು ಹಿಡಿದು ಕುಲುಕಿತಲ್ಲ, ಅದಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಕೊಟ್ಟಿತ್ತು, ಹಾಕಿಸಿಕೊಂಡವರು ಬಚಾವಾದರು. ಪತ್ರ, ಲೆಕ್ಕಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಬೀರುವಿನಲ್ಲಿದೆ. ಎನ್‌ವಿಡಿಎ ಬಾಯಿ ಕಟ್ಟಿದರೆ ಕಂಟ್ರೋಲ್, ಆಲ್ಟ್, ಎನ್. ಅದಕ್ಕೂ ಜಗ್ಗದಿದ್ದರೆ ವಿಂಡೋಸ್, ಕಂಟ್ರೋಲ್, ಎಂಟರ್ ಒತ್ತಿ ವಿಂಡೋಸಿನ ನರೇಟರನ್ನು ಎಬ್ಬಿಸುವುದು. ಇಷ್ಟಕ್ಕೆ ಖರ್ಚಾದದ್ದು ಬೀರುವಿನ ಡಿಸ್ಕು, ಒಂದು ಸೀರೆ, ನಲ್ಲಿಯ ವಾಷರ್.

ಈ ಪಾಂಡಿತ್ಯ ನನ್ನ ತಲೆಗೇರಿದ್ದ ಹೊತ್ತಿಗೆ ಸರಿಯಾಗಿ ಭಾವಮೈದುನ ತನ್ನ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ‘ಭಾವ, ಬಹಳ ನಿಧಾನ ಆಗಿಬಿಟ್ಟಿದೆ, ಒಂದು ಫೈಲು ತೆರೆಯೋ ಅಷ್ಟರಲ್ಲಿ ಕಾಫಿ ಕುಡಿದು ಬರಬಹುದು. ಸ್ವಲ್ಪ ಕೇಳಿ ನೋಡ್ತೀರಾ?’ ನೋಡಿ ಎನ್ನದೆ ಕೇಳಿ ಎಂದನಲ್ಲ, ನನ್ನ ಎದೆಯುಬ್ಬಿತು. ಎನ್‌ವಿಡಿಎಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಯಾರ ಕಂಪ್ಯೂಟರಿನಲ್ಲಾದರೂ ಸ್ಥಾಪಿಸದೆ ಓಡಿಸಬಹುದು. ವೈದ್ಯರು ಸ್ಟೆತಾಸ್ಕೋಪ್ ತೆಗೆಯುವ ಗತ್ತಿನಲ್ಲಿ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಸಿಕ್ಕಿಸಿದೆ. ಟಾಸ್ಕ್ ಮ್ಯಾನೇಜರ್ ತೆರೆದೆ. ಕಂಪ್ಯೂಟರ್ ಏಳುವಾಗ ಜೊತೆಗೇ ಎದ್ದು ಕೂರುವ ತಂತ್ರಾಂಶಗಳ ಪಟ್ಟಿಯನ್ನು ಎನ್‌ವಿಡಿಎ ಒಂದೊಂದಾಗಿ ಓದತೊಡಗಿತು. ಅವಧಿ ಮುಗಿದ ಒಂದು ಆಂಟಿವೈರಸ್. ಅವಧಿ ಮುಗಿಯದ ಇನ್ನೊಂದು. ಯಾರೋ ಯಾವಾಗಲೋ ಯಾವುದರದೋ ಜೊತೆ ಸೇರಿಸಿ ಹಾಕಿದ ಮತ್ತೊಂದು. ‘ಇದೆಲ್ಲ ಇರೋದು ನನಗೆ ಕಾಣಿಸ್ತಲೇ ಇರಲಿಲ್ಲ ಭಾವ’ ಎಂದ.

ನಾನು ಕುರ್ಚಿಗೆ ಒರಗಿ ಉಪನ್ಯಾಸ ಶುರುಮಾಡಿದೆ. ಇಬ್ಬರು ಕಾವಲುಗಾರರನ್ನು ಒಂದೇ ಬಾಗಿಲಿಗೆ ಹಾಕಬಾರದು. ಒಬ್ಬರ ಮೇಲೊಬ್ಬರಿಗೆ ಸಂಶಯ ಬಂದು ಅವರು ಪರಸ್ಪರ ತಡಕುವುದರಲ್ಲೇ ಹೊತ್ತು ಕಳೆಯುತ್ತಾರೆ. ಕಂಪ್ಯೂಟರ್ ನಿಧಾನವಾಗುವುದು ಅದಕ್ಕೇ. ಏನು ಮಾಡುತ್ತಿದ್ದೇನೆ ಎಂದು ನಿನಗೆ ಹೇಳದ ಕಾವಲನ್ನು ಎಷ್ಟೇ ದುಡ್ಡು ಕೊಟ್ಟು ತಂದರೂ ಅದು ಕಾವಲಲ್ಲ. ನೋಡು, ನನ್ನ ಈ ಪುಟ್ಟ ಪೆನ್‌ಡ್ರೈವ್ ಹೇಗೆ ಒಂದೊಂದನ್ನೂ ಬಾಯಿಬಿಟ್ಟು… ಎನ್ನುವಷ್ಟರಲ್ಲಿ ಎನ್‌ವಿಡಿಎಯ ಮಾತು ಪದದ ಅರ್ಧದಲ್ಲೇ ಕಡಿದುಹೋಯಿತು.

ಕಂಟ್ರೋಲ್, ಆಲ್ಟ್, ಎನ್ ಒತ್ತಿದೆ. ಉತ್ತರವಿಲ್ಲ. ಇದು ಅವನ ಕಂಪ್ಯೂಟರು. ಇಲ್ಲಿ ಆ ಕೀಲಿಗಳಿಗೆ ಕಿವಿ ಇಲ್ಲ.

‘ಏನಾಯ್ತೋ?’ ಎಂದೆ.

ಭಾವಮೈದುನ ಪರದೆಯತ್ತ ಬಗ್ಗಿದ. ‘ಏನೋ ಬಂದಿದೆ ಭಾವ. ಪೆನ್‌ಡ್ರೈವಿನಲ್ಲಿ ಕೀಲಿ ಕದ್ದು ಕೇಳುವ ಅನುಮಾನಾಸ್ಪದ ಫೈಲು ಸಿಕ್ಕಿತು, ಅಳಿಸಿಹಾಕಲಾಗಿದೆ ಅಂತಿದೆ.’ ಆಮೇಲೆ ತೊಡೆ ತಟ್ಟಿಕೊಂಡು, ಹೆಮ್ಮೆಯಿಂದ ಉಬ್ಬಿದ ಧ್ವನಿಯಲ್ಲಿ ಹೇಳಿದ: ‘ನೋಡಿದ್ರಾ ಭಾವ, ಎಷ್ಟು ಚುರುಕಾಗಿದೆ! ಸುಮ್ಮನೆ ಬೈತಾ ಇದ್ರಿ.’

ಆ ಖುಷಿಯಲ್ಲೇ, ಅಲ್ಲೇ ಕೂತು, ಅದನ್ನು ಇನ್ನೂ ಮೂರು ವರ್ಷಕ್ಕೆ ನವೀಕರಿಸಿಕೊಂಡು ಮನೆಗೆ ಹೋದ.